ಊರಿಗೆ ಹೋದವರ ಬೆಂಚು

ಮೊನ್ನೆ ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯಿತು. ಹೊಸ ಗಿರಣಿಯವನು ಖಾರದಪುಡಿ ಮಾಡಿದ ಮೆಷಿನ್ನಿಗೇ ನಮ್ಮ ರಾಗಿ ಸುರಿದಿದ್ದಾನೆ. ಹೆಂಡತಿ, ವಾಪಸ್ ಕೊಟ್ಟು ಬನ್ನಿ ಎಂದಳು. ನಾನು ಡಬ್ಬವನ್ನು ಮತ್ತೆ ಮೂಗಿನ ಹತ್ತಿರ ಹಿಡಿದೆ. ರಾಗಿ, ಖಾರ ಎರಡೂ ಸೇರಿದ ಈ ವಾಸನೆ ಒಬ್ಬರ ಸೀರೆಯಿಂದ ಬರುತ್ತಿತ್ತು...

ತ್ಯಾಗರಾಜನಗರದ ಗಿರಣಿ ಅಕ್ಕ. ಇವತ್ತು ಗಾಂಧಿ ಬಜಾರಿನಲ್ಲಿ ನನ್ನದೇ ತರಕಾರಿ ಅಂಗಡಿ ಇದೆ. ಆಗ ಇದ್ದದ್ದು ಒಂದು ತಳ್ಳುಗಾಡಿ. ಅವರ ಗಿರಣಿ ಮುಂದಿನ ಹೊಂಗೆ ಮರದ ನೆರಳಿನ ಮೇಲೆ ಕಣ್ಣು ಹಾಕಿ ಚೌಕಾಸಿಗೆ ಇಳಿದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಅಕ್ಕ ಸೋಲಿಸಿದರು. ನೆರಳಿಗೆ ಬಾಡಿಗೆ ಬೇಡ, ಪ್ರತಿ ಆಯುಧಪೂಜೆಗೆ ಬಂದು ತಾವು ಹೇಳಿದಂತೆ ಕೇಳಬೇಕು ಎಂದರು. ಪ್ರಸಾದ ತಿನ್ನುವ ಕೆಲಸ ತಾನೇ ಎಂದು ಒಪ್ಪಿದೆ.

ಪೂಜೆಯಾದ ಮೇಲೆ ಅವತ್ತು ಮೆಷಿನ್ನಿಗೆ ರಜ. ಆ ರಜದಲ್ಲೇ ಅಕ್ಕನ ಪರೀಕ್ಷೆ. ಹಿಂದೊಮ್ಮೆ ಮಳೆನೀರು ನುಗ್ಗಿ, ಇನ್ನೊಮ್ಮೆ ವೈರಿಂಗ್ ಸುಟ್ಟು, ಗಿರಣಿ ವಾರಗಟ್ಟಲೆ ನಿಂತಿತ್ತಂತೆ. ಅದಕ್ಕೇ ಗಿರಣಿಯ ಹಳೇ ಆಳು, ಎದುರಿನ ಇಸ್ತ್ರಿಯವನು, ನಾನು, ಈ ಮೂವರಲ್ಲಿ ಒಬ್ಬನನ್ನು ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಿಸಿ, "ಇವನು ಊರಿಗೆ ಹೋಗಿದಾನೆ. ಮೆಷಿನ್ ಹತ್ರ ಹೊಗೆ ಬಂತು. ಈಗೇನ್ ಮಾಡ್ತೀರಾ?" ಎನ್ನುತ್ತಿದ್ದರು. ಮೇನ್ ಸ್ವಿಚ್ ಯಾರು ಆಫ್ ಮಾಡಬೇಕು, ಮರಳಿನ ಬಕೆಟ್ ಎಲ್ಲಿದೆ, ಗಿರಾಕಿಗಳ ಡಬ್ಬ ಎಲ್ಲಿಗೆ ಸಾಗಿಸಬೇಕು... ಊರಿಗೆ ಹೋದವನು ತುಟಿ ಬಿಚ್ಚುವಂತಿಲ್ಲ. ಉಳಿದವರು ಅವನನ್ನು ಮಾತಾಡಿಸುವಂತಿಲ್ಲ. ನಮ್ಮೆಲ್ಲರ ಮನೆಯವರ ಫೋನ್ ನಂಬರನ್ನೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು.

ಒಂದು ವರ್ಷ ಇಸ್ತ್ರಿಯವನು ಕಾಲೆಳೆದ. "ಅಕ್ಕಾ, ಪ್ರತಿ ಸಲ ನಾವೇ ಊರಿಗೆ ಹೋಗ್ತೀವಿ. ನೀವ್ ಮಾತ್ರ ಬಸ್ ಚಾರ್ಜ್ ಉಳಿಸ್ಕೊಂಡು ಕೂತಿದೀರಲ್ಲ."

"ನಾನ್ ಎಲ್ಲಿಗ್ ಹೋಗ್ಲೋ? ತಂಗಿ ಒಬ್ಳು ಬಿಟ್ರೆ ನಂಗ್ಯಾರಿದಾರೆ? ಹೋಗು, ನಿನ್ ಇಸ್ತ್ರಿ ಪೆಟ್ಟಿಗೆಗೆ ಕುಂಕುಮ ಇಡು."

ನಾವೆಲ್ಲ ನಕ್ಕೆವು. ಆ ಮಾತನ್ನು ಅಲ್ಲೇ ಬಿಡಬಾರದಿತ್ತು.

ಕೊರೊನಾ ಬಂತು. ಹಳೇ ಆಳು ನಿಜವಾಗಿಯೂ ಊರಿನಲ್ಲಿ ಸಿಕ್ಕಿಕೊಂಡ. ಸುತ್ತಲಿನ ಗಿರಣಿಗಳು ಮುಚ್ಚಿದರೂ ನಮ್ಮದು ನಿಲ್ಲಲಿಲ್ಲ. ಬೆಲ್ಟ್ ಹಾಕುವುದು ನನಗೆ ಗೊತ್ತಿತ್ತು, ಜರಡಿ ಹಿಡಿಯುವುದು ಇಸ್ತ್ರಿಯವನಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಪಾಸಾದೆವು ಎಂದು ಬೀಗಿದೆವು.

ಎರಡನೇ ಅಲೆಯ ಹೊತ್ತಿಗೆ ಆಳು ವಾಪಸ್ ಬಂದಿದ್ದ. ಅಕ್ಕ ಕೆಮ್ಮುತ್ತಿದ್ದರು. ಗಿರಣಿಯಲ್ಲಿ ಕೆಮ್ಮದವರು ಯಾರು? ಹಿಟ್ಟಿನ ಕೆಮ್ಮು ಎಂದುಕೊಂಡೆವು. ಅವರೂ ಹಾಗೇ ಅಂದುಕೊಂಡಿದ್ದರು.

ಒಂದು ಬೆಳಗ್ಗೆ ಅವರಾಗಿಯೇ ಹೋಗಿ ಆ ಬೆಂಚಿನ ಮೇಲೆ ಕೂತರು. ಅದೇ ಮೊದಲು.

"ಏನಕ್ಕಾ, ಕೊನೆಗೂ ಊರಿಗೆ ಹೊರಟ್ರಾ?" ಎಂದೆ.

"ಹೂಂ ಕಣೋ. ನೀವೇ ನಡೆಸಿ, ನೋಡೋಣ."

ನಡೆಸಿದೆವು. ಭೇಷ್ ಅನ್ನಿಸಿಕೊಳ್ಳಬೇಕೆಂಬ ಹುರುಪಿನಲ್ಲಿ ಮೊದಲು ರಾಗಿ, ಆಮೇಲೆ ಗೋಧಿ, ಕೊನೆಗೆ ಖಾರ, ಅವರು ಕಲಿಸಿದ ಕ್ರಮದಲ್ಲೇ ಬೀಸಿದೆವು. ಬೆಂಚಿನ ಮೇಲಿರುವವರನ್ನು ಮಾತಾಡಿಸಬಾರದು ಎಂಬ ನಿಯಮವನ್ನೂ ಬಿಡದೆ ಪಾಲಿಸಿದೆವು... ಕೊನೆಯ ಡಬ್ಬ ಕೊಟ್ಟು ತಿರುಗಿದರೆ, ಅವರ ತಲೆ ಗೋಡೆಗೆ ಒರಗಿತ್ತು. ತುಟಿ ನೀಲಿಗಟ್ಟಿತ್ತು.

ಆಟೋದಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಮೇಲೆ ಒಂದು ಬೆಡ್ ಸಿಕ್ಕಿತು. ಸಂಬಂಧಿಕರ ನಂಬರು ಕೇಳಿದರು. ಗಿರಣಿಗೆ ಓಡಿ ಬಂದು ಗೋಡೆ ನೋಡಿದೆ. ಇಸ್ತ್ರಿಯವನ ಹೆಂಡತಿಯದು ಇತ್ತು, ನನ್ನ ಭಾವಮೈದುನನದೂ ಇತ್ತು. ಅಕ್ಕನ ತಂಗಿಯದು ಇರಲಿಲ್ಲ. ಅಕ್ಕನ ಮೊಬೈಲು ನನ್ನ ಕೈಯಲ್ಲೇ ಇತ್ತು, ಲಾಕ್ ತೆರೆಯಲು ಗೊತ್ತಿರಲಿಲ್ಲ. ಮೂರನೇ ದಿನ ತಂಗಿಯೇ ಅದಕ್ಕೆ ಫೋನ್ ಮಾಡಿದರು. ಅಷ್ಟರಲ್ಲಿ ಅಕ್ಕ ತೀರಿಕೊಂಡಿದ್ದರು, ನಾನು ಹೇಳಬೇಕಾದದ್ದು ಆ ಒಂದೇ ಮಾತು ಉಳಿದಿತ್ತು.

ಗಿರಣಿಯಲ್ಲಿ ನಡೆದದ್ದನ್ನು ಕೇಳಿಸಿಕೊಂಡು ಆಕೆ ಕೇಳಿದರು: "ಉಸಿರು ಕಟ್ಟಿದಾಗ ಅಕ್ಕನ ಪಕ್ಕ ಯಾರಾದ್ರೂ ಇದ್ರಾ?"

ಇದ್ದೆವು, ಕೈಯಳತೆಯಲ್ಲೇ ಇದ್ದೆವು ಎಂದು ಹೇಗೆ ಹೇಳಲಿ...

ವ್ಯಾಪಾರ ಮಾಡುವವರಿಗೆ ನನ್ನದೊಂದು ಬುದ್ಧಿಮಾತು. ಬೀಗದ ಇನ್ನೊಂದು ಕೈ ನಂಬಿಕಸ್ತರ ಹತ್ತಿರ ಕೊಟ್ಟಿಡಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಲಿಸಿ, ಮರಳಿನ ಬಕೆಟ್ಟಿನಲ್ಲಿ ಕಸ ಹಾಕಲು ಬಿಡಬೇಡಿ. ಇವೆಲ್ಲ ಅಕ್ಕ ಹೇಳಿದ್ದೇ. ಅವರು ಹೇಳದೆ ಉಳಿದದ್ದು ಇಷ್ಟು: ಗೋಡೆಯ ಮೇಲೆ ಮೊದಲ ನಂಬರು ಯಜಮಾನರ ಮನೆಯವರದ್ದಿರಲಿ, ಬೆಂಚಿನ ಮೇಲೆ ಮೊದಲು ಯಜಮಾನರೇ ಕೂರಲಿ.

ನನ್ನ ಅಂಗಡಿಯಲ್ಲಿ ಆ ಪರೀಕ್ಷೆ ಈಗಲೂ ನಡೆಯುತ್ತದೆ. ಒಂದು ನಿಯಮ ಬದಲಾಯಿಸಿದ್ದೇನೆ, ಕೂತವರನ್ನು ಗಳಿಗೆಗೊಮ್ಮೆ ಮಾತಾಡಿಸಲೇಬೇಕು. ಹೋದ ಆಯುಧಪೂಜೆಯಲ್ಲಿ ನಾನು ಸ್ಟೂಲಿನ ಮೇಲೆ ಕೂತಿದ್ದೆ. ತಕ್ಕಡಿ ನೋಡಿಕೊಳ್ಳುವ ಹೆಂಗಸು ಕೆಲಸದ ನಡುವೆ ತಿರುಗಿ, "ಅಣ್ಣಾ, ಹುಷಾರಾಗಿದೀರಲ್ವಾ?" ಎಂದಳು.

ಅಷ್ಟೇ ಮಾತು. ಅಕ್ಕ ಬೆಂಚಿನ ಮೇಲೆ ಕೂತ ದಿನ ನನ್ನ ಬಾಯಿಂದ ಅದು ಬರಲಿಲ್ಲ.

ರಾಗಿಹಿಟ್ಟನ್ನು ನಾನು ವಾಪಸ್ ಕೊಡಲಿಲ್ಲ. ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿ ಇಟ್ಟಿದ್ದೇನೆ.