ಮಿಡತೆ ಹಿಡಿದ ಬಣ್ಣದ ಕಾಕಾ

ಅವರ ಕೈಯುಗುರುಗಳ ಬುಡದಲ್ಲಿ ಆಯಾ ವಾರದ ಬಣ್ಣ ನಿಚ್ಚಳವಾಗಿ ಕಾಣುತ್ತಿತ್ತು. ತುದಿಗೆ ಹೋದಂತೆ ಹಳೆಯ ಹಸಿರು, ನೀಲಿ, ನೇರಳೆ ಎಲ್ಲ ಕಲೆತು ಕಪ್ಪಾಗಿರುತ್ತಿದ್ದವು. ಎಷ್ಟು ತಿಕ್ಕಿ ತೊಳೆದರೂ ಹೋಗದ ಬಣ್ಣ ಅದು. ಇಲಕಲ್ಲ ಸೀರೆಯ ಸೆರಗಿಗೆ ಬೇಕಾಗುವ ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ಓಣಿಯವರೆಲ್ಲ ಅವರನ್ನು ಬಣ್ಣದ ಕಾಕಾ ಎನ್ನುತ್ತಿದ್ದರು. ನಾನೂ ಕಡೆಯವರೆಗೆ ಹಾಗೇ ಕರೆದೆ.

ಹನ್ನೊಂದು ವರ್ಷ ನಾವು ಅಕ್ಕಪಕ್ಕದ ಮನೆಯವರು. ಅದರಲ್ಲಿ ಹತ್ತು ವರ್ಷ ನಮ್ಮ ನಡುವೆ ನಡೆದದ್ದು ಬರೀ ತಕರಾರು. ಅವರ ಅಂಗಳದ ಬಣ್ಣದ ನೀರು ನನ್ನ ಬಾಗಿಲ ಮುಂದಿನ ಗಟಾರದಲ್ಲಿ ಹರಿಯುತ್ತದೆ ಎಂದು ನಾನು, ನನ್ನ ಬೇವಿನ ಗಿಡದ ಎಲೆ ಅವರು ಒಣಹಾಕಿದ ನೂಲಿನ ಮೇಲೆ ಬೀಳುತ್ತದೆ ಎಂದು ಅವರು. ನಾನು ಹುನಗುಂದದ ಶಾಲೆಯಲ್ಲಿ ಟೀಚರು. ಜೋರು ಮಾಡುವುದು ನನಗೆ ರೂಢಿ. ಅವರೂ ಕಮ್ಮಿ ಇರಲಿಲ್ಲ. ಮದುವೆಗೆ ಸೀರೆ ಬೇಕು, ನಾಳೆಯೇ ಬಣ್ಣ ಹಾಕಿಕೊಡಿ ಎಂದು ಬಂದವರನ್ನು ಹೊಸ್ತಿಲಿನಿಂದಲೇ ತಿರುಗಿ ಕಳಿಸುತ್ತಿದ್ದರು. “ಅವಸರ ಮಾಡಿದ್ರ ಬಣ್ಣ ಹತ್ತೂದಿಲ್ಲ, ಬರೇ ಬಳಕೊಂಡಂಗ ಆಕ್ಕೈತಿ” ಎನ್ನುವುದು ಅವರ ಮಾತು. ಅದನ್ನು ಹೇಳುವಾಗ ಗಿರಾಕಿ ದೊಡ್ಡವರೋ ಸಣ್ಣವರೋ ಎಂದು ನೋಡುತ್ತಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ನನ್ನ ತಂಗಿಯ ಮಗಳು ಹುಬ್ಬಳ್ಳಿಯಿಂದ ನನ್ನ ಮನೆಗೆ ಬಂದಳು. ಹತ್ತು ವರ್ಷದ ಹುಡುಗಿ. ಅವಳು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಕೊಂಡಿದ್ದ. ಈಗ ತಂಗಿಯೂ ಹೋಗಿದ್ದಳು. ಹುಡುಗಿಯ ಜೊತೆ ಎರಡು ಬಟ್ಟೆಯ ಚೀಲ, ಒಂದು ಗಾಜಿನ ಪೆಟ್ಟಿಗೆ ಬಂದವು. ಪೆಟ್ಟಿಗೆಯಲ್ಲಿ ಗೇಣುದ್ದದ ಓತಿಕ್ಯಾತ. ನಮ್ಮ ಬೇಲಿಗಳ ಮೇಲೆ ತಲೆ ಕುಣಿಸುವಂಥದ್ದಲ್ಲ, ಹೊರದೇಶದ ತಳಿ. ಗದ್ದದ ಕೆಳಗೆಲ್ಲ ಮುಳ್ಳುಮುಳ್ಳಾದ ಚರ್ಮ. ಹೆದರಿದರೆ ಅದು ಉಬ್ಬಿ ಕರಿಗಡ್ಡದ ಹಾಗೆ ಕಾಣುತ್ತದೆ. ಬಿಯರ್ಡೆಡ್ ಡ್ರಾಗನ್ ಎನ್ನುತ್ತಾರಂತೆ. ತಂಗಿ ಆಸ್ಪತ್ರೆ ಸೇರುವ ಮೊದಲು ಮಗಳಿಗೆ ತಂದುಕೊಟ್ಟ ಕೊನೆಯ ಉಡುಗೊರೆ ಅದು. ಹುಟ್ಟುತ್ತಲೇ ಗಡ್ಡ ಬಂದಿದೆ ಎಂದು ನಕ್ಕು ‘ಮುತ್ಯಾ’, ಅಂದರೆ ಅಜ್ಜ, ಎಂದು ಹೆಸರಿಟ್ಟವಳೂ ಅವಳೇ.

ಅದು ಸತ್ತರೆ ಈ ಹುಡುಗಿಗೆ ತಾಯಿ ಇನ್ನೊಮ್ಮೆ ಸತ್ತ ಹಾಗೆ ಎಂಬುದು ನನಗೆ ಮೊದಲ ದಿನವೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಪೆಟ್ಟಿಗೆಯ ಜೊತೆ ಬಂದಿದ್ದ ಸಣ್ಣ ಡಬ್ಬಿಯೊಂದನ್ನು ತೆರೆದು ನೋಡಿದೆ. ಒಳಗೆ ತೌಡಿನಲ್ಲಿ ಜೀವಂತ ಹುಳುಗಳು ಹರಿದಾಡುತ್ತಿದ್ದವು. ಲಿಂಗ ಕಟ್ಟಿಕೊಂಡವರ ಮನೆ, ಮೇಲೆ ಶ್ರಾವಣ ಬೇರೆ. “ಇದೆಲ್ಲಾ ನಮ್ಮ ಮನಿಯಾಗ ನಡಿಯೂದಿಲ್ಲವ್ವಾ. ಇನ್ನ ಮ್ಯಾಲ ಮುತ್ಯಾ ಕಾಯಿಪಲ್ಲೆ ತಿಂತಾನ” ಎಂದು ಡಬ್ಬಿಯನ್ನು ಗಟಾರಕ್ಕೆ ಸುರುವಿದೆ. ಹುಳ ಕೊಲ್ಲಬಾರದು ಎಂದವಳೇ ಅಷ್ಟೂ ಹುಳುಗಳನ್ನು ನೀರುಪಾಲು ಮಾಡಿದೆ ಎಂಬುದು ಆಗ ನನ್ನ ತಲೆಗೇ ಬರಲಿಲ್ಲ. ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು.

ಓಣಿಯ ಹೆಂಗಸರೆಲ್ಲ ಮುತ್ಯಾನನ್ನು ನೋಡಲು ಬಂದರು. ಹೊಸದಾಗಿ ಮನೆಗೆ ಬಂದದ್ದಲ್ಲವೇ ಎಂದು ಒಬ್ಬರು ಆರತಿಯನ್ನೂ ಎತ್ತಿದರು. ತೊಟ್ಟಿಲ ಕೂಸಿನ ಹಾಗೆ ಅದು ಕೈಯಿಂದ ಕೈಗೆ ದಾಟಿತು, ಫೋನುಗಳಲ್ಲಿ ಫೋಟೋ ಆಯಿತು. ಬಸ್ಸಿನಲ್ಲಿ ಬರುವಾಗ ಅದಕ್ಕೆ ಬಿಸಿ ಕೊಡುವ ಬಲ್ಬು ಒಡೆದಿತ್ತು. ಇಲಕಲ್ಲಿನಂಥ ಊರಲ್ಲಿ ಬಿಸಿಗೇನು ಬರ ಎಂದು ನಾನು ಸುಮ್ಮನಾದೆ. ಆದರೆ ಕಲ್ಲಿನ ಮನೆ, ಹೊರಗೆ ಜಿಟಿಜಿಟಿ ಮಳೆ, ಒಳಗೆಲ್ಲ ತಂಪು. ಮೆಂತ್ಯ ಇಟ್ಟೆ, ಸವತೆಕಾಯಿ ಹೆಚ್ಚಿ ಇಟ್ಟೆ. ಮುತ್ಯಾ ಮುಟ್ಟಲಿಲ್ಲ. ಐದನೆಯ ದಿನಕ್ಕೆ ಗಡ್ಡ ಕಪ್ಪಾಗಿ, ಕಣ್ಣು ಒಳಸೇರಿ, ಮೂಲೆ ಹಿಡಿಯಿತು. ಹುಡುಗಿಯ ತಟ್ಟೆಯಲ್ಲೂ ರೊಟ್ಟಿ ಹಾಗೇ ಉಳಿಯತೊಡಗಿತು. ದನದ ದವಾಖಾನೆಯ ಡಾಕ್ಟರು “ನಾವು ಎಮ್ಮಿ, ಆಡು ನೋಡಾವ್ರು ಅಕ್ಕೋರ, ಇದರ ಸುದ್ದಿ ನಮಗ ಗೊತ್ತಿಲ್ಲ” ಎಂದು ಕೈ ಮುಗಿದರು.

ಆ ಸಂಜೆ ಬಣ್ಣದ ಕಾಕಾ ಬಂದದ್ದು ಜಗಳಕ್ಕೆ. ನನ್ನ ಮನೆಗೆ ಬಂದವರು ಯಾರೋ ಅವರ ನೂಲು ಒಣಹಾಕುವ ಗಳಕ್ಕೆ ಒತ್ತಿ ಸ್ಕೂಟರ್ ನಿಲ್ಲಿಸಿದ್ದರು. “ಏನ್ರಿ ಅಕ್ಕೋರ, ಮನೀನ ಸಂತಿ ಮಾಡೀರೇನು?” ಎನ್ನುತ್ತ ಒಳಗೆ ಬಂದವರು ಪೆಟ್ಟಿಗೆಯನ್ನೂ, ಅದರ ಪಕ್ಕ ನೆಲದ ಮೇಲೆ ಕುಳಿತಿದ್ದ ಹುಡುಗಿಯನ್ನೂ ನೋಡಿ ನಿಂತರು. ಸಿಟ್ಟು ಎಲ್ಲಿ ಹೋಯಿತೋ. ಮೊದಲು ಅಲ್ಲಿದ್ದ ಹೆಂಗಸರನ್ನೆಲ್ಲ ಹೊರಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೂಲು ಬಂದ ದಿನಾನ ನಾವು ಬಣ್ಣಕ್ಕ ಹಾಕೂದಿಲ್ರಿ. ನೀರಾಗ ಬಿಡ್ತೇವಿ, ಮುಟ್ಟೂದಿಲ್ಲ. ಅದು ತಾನಾಗೇ ಮೆತ್ತಗಾಗಬೇಕು. ಇದನ್ನ ನೀವು ಬಂದ ದಿನದಿಂದ ಹಿಂಡಾಕ ಹತ್ತೀರಿ.”

ಪೆಟ್ಟಿಗೆಯ ಒಡೆದ ಬಲ್ಬು ನೋಡಿ, ತಮ್ಮ ಮನೆಗೆ ಹೋಗಿ ಒಂದು ಬಲ್ಬು, ಹಳೆಯ ಸೀರೆಯ ತುಂಡು, ಅಂಗೈ ಅಗಲದ ಕೆಂಪು ಕಲ್ಲು ತಂದರು. ಗಾಜಿನ ಮೂರು ಬದಿಗೆ ಸೀರೆ ಸುತ್ತಿದರು. ಒಂದು ತುದಿಗೆ ಕಲ್ಲಿಟ್ಟು ಅದರ ಮೇಲೆ ಬಲ್ಬು ಇಳಿಬಿಟ್ಟರು. ಇನ್ನೊಂದು ತುದಿಯನ್ನು ತಂಪಾಗಿಯೇ ಬಿಟ್ಟರು. “ಬ್ಯಾಡಾದ್ರ ಸರಕೊಳ್ಳಾಕ ಅದಕ್ಕೂ ಜಾಗಾ ಬೇಕಲ್ಲ” ಎಂದರು. ಬಿಸಿ ಅಳೆಯಲು ಅವರಿಗೆ ಯಂತ್ರ ಬೇಡ. ಬಣ್ಣದ ಹಂಡೆಯ ಬಿಸಿ ನೋಡುವ ಹಾಗೆ ಕೈ ತಿರುವಿ ಹಿಂಗೈಯನ್ನು ಕಲ್ಲಿನ ಮೇಲೆ ಹಿಡಿದು, ಮನಸ್ಸಿನಲ್ಲೇ ಎಣಿಸಿ, ಬಲ್ಬನ್ನು ನಾಲ್ಕು ಸಲ ಏರಿಸಿ ಇಳಿಸಿದರು. ಹುಡುಗಿಯ ಕೈಯನ್ನೂ ಹಾಗೇ ಹಿಡಿಸಿ ತೋರಿಸಿದರು.

“ಏನ್ ತಿಂತೈತಿ ಇದು?” ಎಂದು ಕೇಳಿದರು. ಕಾಯಿಪಲ್ಲೆ ಎಂದೆ. ಅವರು ಹುಡುಗಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. “ಬಾರವ್ವಾ, ನೂಲು ಒಳಗ ತರಾಕ ಒಂದೀಟು ಕೈ ಹಚ್ಚು” ಎಂದು ಅವಳನ್ನು ಕರೆದುಕೊಂಡು ಹೋದರು. ಕಾಲು ಗಂಟೆಯ ಮೇಲೆ ಅವಳೊಬ್ಬಳೇ ತಿರುಗಿ ಬಂದಳು.

ಮರುದಿನ ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ಕಾಕಾ ಬಂದರು. ಕೈಯಲ್ಲಿ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಮಿಡತೆಗಳು ಪಟಪಟ ಹಾರುತ್ತಿದ್ದವು. ಔಷಧ ಹೊಡೆಯದ ಹೊಲ ಬೇಕೆಂದು ಊರಾಚೆಯ ತಮ್ಮ ತಂಗಿಯ ಹೊಲದವರೆಗೆ ಸೈಕಲ್ಲು ತುಳಿದು ಹಿಡಿದು ತಂದಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಕಾಕಾ, ನೀವ ಲಿಂಗಾ ಕಟ್ಟಿದಾವ್ರು. ಶ್ರಾವಣದಾಗ ಹಿಂಗ ಮಾಡಿದ್ರ ಹೆಂಗ್ರಿ?”

“ಅಕ್ಕೋರ, ನಲವತ್ತು ವರ್ಷಾತು ನಾ ರೇಷ್ಮಿ ಮುಟ್ಟಾಕ ಹತ್ತಿ. ಒಂದೊಂದು ನೂಲಿನ ಲಡಿಯಾಗ ಎಷ್ಟು ಹುಳ ಕುದ್ದು ಸತ್ತಿರ್ತಾವು, ನನಗ ಗೊತ್ತೈತಿ. ಅದರ ಮ್ಯಾಲ ನನ್ನ ಮನಿ ನಡದೈತಿ. ನೀವೂ ಅದ ಸೀರಿ ಉಟಗೊಂಡು ಪೂಜಾಕ್ಕ ಕುಂದರ್ತೀರಿ. ಇವತ್ತ ಒಂದು ಕೂಸಿನ ಸಲುವಾಗಿ ನಾಕು ಮಿಡತಿ ಹಿಡದ್ರ ಶಿವಾ ನನ್ನ ಕೇಳ್ಲಿ. ನಿಮ್ಮನ್ನ ಕೇಳೂದಿಲ್ಲ, ಸರೀರಿ.”

ಸರಿದೆ. ಶಾಲೆಯಲ್ಲಿ ಹೆಡ್‌ಮಾಸ್ತರರೂ ನನ್ನ ಬಾಯಿ ಮುಚ್ಚಿಸಿದ್ದಿಲ್ಲ.

ಮುತ್ಯಾ ಆ ದಿನ ತಿನ್ನಲಿಲ್ಲ, ಮರುದಿನವೂ ಇಲ್ಲ. ಕಾಕಾ ಎರಡು ಹೊತ್ತೂ ಬಂದು, ಪೆಟ್ಟಿಗೆಯಿಂದ ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತು, ಚಹಾವನ್ನು ಬಸಿಗೆ ಸುರುವಿಕೊಂಡು ಕುಡಿದು ಹೋಗುತ್ತಿದ್ದರು. ಏನೂ ಮಾಡುತ್ತಿರಲಿಲ್ಲ. ಕೆಮ್ಮು ಬಂದರೆ ಮಾತ್ರ ಎದ್ದು ಹೊರಗೆ ಹೋಗಿ, ಕೆಮ್ಮಿ ಮುಗಿಸಿ, ಬರುತ್ತಿದ್ದರು. “ನಾವು ಇಲ್ಲಿ ಇರ್ತೇವಿ, ಏನೂ ಮಾಡೂದಿಲ್ಲ ಅಂತ ಅದಕ್ಕ ಗೊತ್ತಾಗ್ಲಿ” ಎನ್ನುತ್ತಿದ್ದರು. ಮೂರನೆಯ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. “ದೊಡ್ಡವ್ವಾ, ತಿಂತು!” ಎಂಬ ಕೂಗು ಕೇಳಿತು. ಬಂದಂದಿನಿಂದ ಆ ಹುಡುಗಿ ನನ್ನನ್ನು ತಾನಾಗಿ ಕರೆದದ್ದು ಅದೇ ಮೊದಲು. ಅವತ್ತು ಅವಳೂ ಎರಡು ರೊಟ್ಟಿ ತಿಂದಳು.

ಒಂದು ಮಾತು ಬರೆಯದೇ ಹೋದರೆ ತಪ್ಪಾಗುತ್ತದೆ. ಶ್ರಾವಣದ ಪುರಾಣಕ್ಕೆ ಕಾಕಾ ತಪ್ಪದೆ ಮಠಕ್ಕೆ ಹೋಗುವವರು. ಒಂದು ಸಂಜೆ ಅವರು ಎಂದಿನ ಕಂಬದ ಹತ್ತಿರ ಕೂರುತ್ತಿದ್ದಂತೆ ಯಾರೋ ಎಲ್ಲರಿಗೂ ಕೇಳುವ ಹಾಗೆ, “ಮುಂಜಾನಿ ಜೀವಾ ತಗಿಯೂದು, ಸಂಜಿಕ ಪುರಾಣಾ ಕೇಳೂದು” ಎಂದರು. ನಾಲ್ಕು ಜನ ನಕ್ಕರು. ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ಶ್ರಾವಣದಲ್ಲಿ ಮತ್ತೆ ಮಠದ ಕಡೆ ಬರಲಿಲ್ಲ. ಹೆಂಗಸರ ಸಾಲಿನಲ್ಲಿ ನಾನಿದ್ದೆ. ನನ್ನ ಮನೆಯ ಸಲುವಾಗಿ ಎಂದು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಿದೆ. ಮರುದಿನ ಮುಂಜಾನೆ ಮಿಡತೆಯ ಡಬ್ಬಿ ಹೊತ್ತಿಗೆ ಸರಿಯಾಗಿ ಬಂತು.

ಮುತ್ಯಾ ಬೆಳೆದ. ಹುಡುಗಿಯ ಹೆಗಲೇರಿ ಕೂರುವಷ್ಟಾದ, ಮೆಂತ್ಯವನ್ನೂ ತಿನ್ನತೊಡಗಿದ. ಕಾಕಾನ ಕೆಮ್ಮೂ ಬೆಳೆಯಿತು. ನಲವತ್ತು ವರ್ಷ ಬಣ್ಣದ ಹಂಡೆಯ ಹಬೆ ಕುಡಿದ ಎದೆ. ಸಂಕ್ರಾಂತಿಯ ಹೊತ್ತಿಗೆ ಬಾಗಲಕೋಟೆಯ ಆಸ್ಪತ್ರೆ ಸೇರಿದರು. ಅಲ್ಲಿಂದಲೇ ತಮ್ಮ ತಂಗಿಗೆ ಫೋನು ಮಾಡಿ, ಮಿಡತೆ ಹಿಡಿದು ನಮ್ಮ ಮನೆಗೆ ಕಳಿಸುವ ವ್ಯವಸ್ಥೆ ಮಾಡಿದ್ದರು.

ನಾನು ನೋಡಲು ಹೋದೆ. ಮೂಗಿಗೆ ನಳಿಕೆ ಹಾಕಿದ್ದರು. ಆರು ತಿಂಗಳಿಂದ ಮುಚ್ಚಿಟ್ಟದ್ದನ್ನು ಅಂದು ಹೇಳಿಬಿಟ್ಟೆ.

“ಕಾಕಾ, ಅದರ ಜೋಡಿ ಹುಳದ ಡಬ್ಬಿ ಬಂದಿತ್ರಿ. ನಾನ ಗಟಾರಕ್ಕ ಚೆಲ್ಲಿದ್ದೆ. ನಿಮಗ ಹೇಳಿರಲಿಲ್ಲ.”

“ಗೊತ್ತೈತ್ರಿ” ಎಂದರು. ಉಸಿರು ಎಳೆದುಕೊಂಡು, ಬಿಟ್ಟು ಬಿಟ್ಟು ಹೇಳಿದರು: “ಅವತ್ತ ನೂಲು ತರಾಕ ಬಂದಾಗ ಕೂಸು ಹೇಳಿತ್ತು. ‘ನಾ ಹೇಳೇನಿ ಅಂತ ದೊಡ್ಡವ್ವಗ ಹೇಳಬ್ಯಾಡ್ರಿ, ಆಕಿಗೆ ಕೆಟ್ಟ ಅನಸ್ತೈತಿ’ ಅಂತು. ಅದಕ್ಕ ನಾನೂ ಸುಮ್ನಿದ್ದೆ.”

ನಾನು ಎದ್ದು ವರಾಂಡಕ್ಕೆ ಬಂದೆ. ತಾಯಿ ಸತ್ತು ತಿಂಗಳಾಗದ ಹುಡುಗಿ ನನಗೆ ನೋವಾದೀತೆಂದು ಯೋಚಿಸಿದ್ದಳು. ಆ ಸಿಡುಕಿನ ಮನುಷ್ಯ, ಬೇವಿನೆಲೆಗೆ ಜಗಳ ಕಾಯುತ್ತಿದ್ದವರು, ಮಠದಲ್ಲಿ ಅವಮಾನವಾದ ದಿನವೂ ಆ ಮಾತನ್ನು ನನ್ನ ಮುಖಕ್ಕೆ ಎಸೆಯದೆ ನುಂಗಿಕೊಂಡಿದ್ದರು.

ನಾಲ್ಕನೆಯ ದಿನ ಅವರ ದೇಹವನ್ನು ಊರಿಗೆ ತಂದರು. ವಿಭೂತಿ ಹಚ್ಚಿ ಕೂಡಿಸಿದ್ದರು. ಮಠದಲ್ಲಿ ನಕ್ಕವರೂ ಬಂದಿದ್ದರು. ನಾನು ಹುಡುಗಿಯ ಕೈ ಹಿಡಿದುಕೊಂಡು ಮಣ್ಣು ಕೊಡುವವರೆಗೂ ನಿಂತಿದ್ದೆ.

ಕಾಕಾನ ತಂಗಿಯ ಮನೆಯಲ್ಲೂ ದುಃಖ. ಮೂರು ದಿನ ಡಬ್ಬಿ ಬರಲಿಲ್ಲ. ಹುಡುಗಿ ಕೇಳಲಿಲ್ಲ, ಅವಳು ಕೇಳುವವಳಲ್ಲ. ನಾಲ್ಕನೆಯ ಮುಂಜಾನೆ ನಾನು ಶಾಲೆಗೆ ರಜೆ ಹೇಳಿ, ತೂತಿನ ಡಬ್ಬಿ ತೆಗೆದುಕೊಂಡು ಆ ಹೊಲಕ್ಕೆ ಹೋದೆ. ಎದೆಮಟ್ಟ ಬೆಳೆದ ಬಿಳಿಜೋಳ. ಸೀರೆ ಎತ್ತಿ ಸಿಕ್ಕಿಸಿ, ಬದುವಿನ ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಹುಡುಕಿದೆ. ನಾಲ್ಕೈದು ಸಲ ತಪ್ಪಿದ ಮೇಲೆ ಒಂದು ಮಿಡತೆ ಸಿಕ್ಕಿತು. ಮುಷ್ಟಿಯೊಳಗೆ ಅದು ಒದೆಯತೊಡಗಿತು. ಅಷ್ಟು ಸಣ್ಣ ಕಾಲಿಗೆ ಅಷ್ಟು ಬಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಿಟ್ಟುಬಿಡಲೇ ಅನಿಸಿತು. ಬದುಕಿಗಾಗಿ ಒದೆಯುವ ಆ ಕಾಲುಗಳನ್ನು ಕಾಕಾ ದಿನಾ ಮುಂಜಾನೆ ತಮ್ಮ ಅಂಗೈಯಲ್ಲಿ ತಾಳಿಕೊಂಡು, ಆಮೇಲೆ ನನ್ನ ಮನೆಗೆ ಬಂದು ಏನೂ ಆಗದವರ ಹಾಗೆ ಚಹಾ ಕುಡಿದು ಹೋಗುತ್ತಿದ್ದರು.

ನಾನು ಆ ಬದುವಿನ ಮೇಲೆ ಕೂತು ಜೋರಾಗಿ ಅತ್ತೆ. ಆದರೆ ಮುಷ್ಟಿ ಬಿಚ್ಚಲಿಲ್ಲ.