ಗುಡುಗು ಮೇಡಂ ಮತ್ತು ಐದು ಬಣ್ಣದ ಪಟ್ಟಿ

ಜೀವಶಾಸ್ತ್ರದ ಟೀಚರಿಗೆ ಮಕ್ಕಳಿಟ್ಟ ಹೆಸರು ಗುಡುಗು ಮೇಡಂ. ಅವರು ಬಾಯಿ ತೆರೆದರೆ ಪಕ್ಕದ ತರಗತಿಯ ಗಣಿತವೂ ಅರ್ಧಕ್ಕೇ ನಿಲ್ಲುತ್ತದೆ. ಕೊರಳಲ್ಲಿ ಸದಾ ಒಂದು ಬಟ್ಟೆಯ ಪಟ್ಟಿ, ಐದು ಬಣ್ಣದ ತುಂಡುಗಳನ್ನು ಟಿಚ್ ಬಟನ್ನಿನಿಂದ ಜೋಡಿಸಿದ್ದು. "ಇದು ಒಂದು ಜೀನಿನ ನಕಲು ಅಂದ್ಕೊಳ್ಳಿ," ಎನ್ನುತ್ತ ಕೆಂಪು ತುಂಡನ್ನು ಪಟಕ್ಕನೆ ಕಿತ್ತು ಕೋಟಿನ ಜೇಬಿಗೆ ಹಾಕಿ, ಉಳಿದದ್ದನ್ನು ಕೂಡಿಸುತ್ತಾರೆ. "ಇದು ಹೃದಯದ ಪ್ರೋಟೀನು!" ಕೆಂಪನ್ನು ಮತ್ತೆ ಸೇರಿಸಿ ನೀಲಿಯನ್ನು ಕಿತ್ತರೆ, "ಇದು ಮಿದುಳಿಂದು! ಜೀನ್ ಒಂದೇ ಕಣ್ರೋ, ಎಲ್ಲಿ ಏನನ್ನ ಬಿಡಬೇಕು ಅನ್ನೋದ್ರಲ್ಲೇ ಮಜಾ ಇರೋದು." ಹಲ್ಲಿನ ಡಾಕ್ಟರಿಗೂ ಈ ಪಾಠ ತಪ್ಪಿದ್ದಲ್ಲ, ಬಾಯಿಗೆ ಹತ್ತಿ ತುರುಕಿದ ಮೇಲೂ ಅದು ಕೈಸನ್ನೆಯಲ್ಲಿ ಮುಂದುವರಿದಿತ್ತಂತೆ. ಪಟ್ಟಿ ದಿನಾ ಬಿಚ್ಚಿಕೊಳ್ಳುವುದನ್ನು ನೋಡಲಾರದ ಲ್ಯಾಬಿನ ಅಟೆಂಡರ್ ಒಂದು ದಿನ ಅದಕ್ಕೆ ಉದ್ದಕ್ಕೂ ಮಿಷನ್ ಹೊಲಿಗೆ ಹಾಕಿಸಿ ತಂದ. "ಇನ್ನು ಜಪ್ಪಯ್ಯ ಅಂದ್ರೂ ಬಿಚ್ಚಲ್ಲ ಮೇಡಂ!" ಮೇಡಂ ಬಿದ್ದು ಬಿದ್ದು ನಕ್ಕರು. "ಅಯ್ಯೋ ಪುಣ್ಯಾತ್ಮ, ಇನ್ನು ಜನ್ಮಕ್ಕೆಲ್ಲ ಒಂದೇ ಪ್ರೋಟೀನು!" ಪೆಚ್ಚಾದ ಅಟೆಂಡರ್ ಹೊಲಿಗೆಯನ್ನೆಲ್ಲ ಬಿಚ್ಚಿ, ಸಂಜೆ ಪಟ್ಟಿಯನ್ನು ಅವರ ಮನೆಗೇ ಕೊಡಲು ಹೋದ. ತೆರೆದ ಬಾಗಿಲಲ್ಲಿ ನಿಂತರೆ ಗುಡುಗಿಲ್ಲ, ಪಿಸುಮಾತೂ ಇಲ್ಲ. ಹುಟ್ಟಿನಿಂದಲೇ ಕಿವಿ ಕೇಳದ, ಮಾತೂ ಬಾರದ ಅಮ್ಮನೆದುರು ಕೂತು ಮೇಡಂ ಬರೀ ಬೆರಳುಗಳಲ್ಲಿ ಆ ಹೊಲಿಗೆಯ ಕಥೆಯನ್ನೇ ಹೇಳುತ್ತಿದ್ದರು. ದನಿಯನ್ನು ಪಟಕ್ಕನೆ ಕಿತ್ತು ಜೇಬಿಗೆ ಹಾಕಿಕೊಂಡಂತಿತ್ತು. ಕಥೆ ಮುಗಿಯಿತು, ಅಮ್ಮ ನಕ್ಕರು ನೋಡಿ, ಕಿಟಕಿಯ ಗಾಜು ನಡುಗಿತು: ಅದೇ ಗುಡುಗು!