ದಾವಲಬಿಯ ಕಿವಿಯೂ ಶನಿವಾರದ ಸಪ್ಪಳವೂ

ಮಮದಾಪುರದ ಕೆರೆಯಲ್ಲಿ ಮೀನು ಸೀನಿದರೆ ಬಬಲೇಶ್ವರದಲ್ಲಿ ಕೂತ ದಾವಲಬಿಗೆ ಕೇಳಿಸುತ್ತದೆ ಎಂದು ಊರವರು ಹೇಳುತ್ತಿದ್ದರು. ಇದು ಶುದ್ಧ ಸುಳ್ಳು. ಮೀನು ಸೀನುವುದಿಲ್ಲ. ಕೆಮ್ಮಿದರೆ ಕೇಳಿಸುತ್ತಿತ್ತು, ಅಷ್ಟೇ.

ದಾವಲಬಿ ಬಳೆ ಮಾರುವವಳು. ಹಸಿರು, ಕೆಂಪು ಗಾಜಿನ ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮಂಗಳವಾರ ಟಿಕೋಟಾ, ಉಳಿದ ದಿನ ಬಬಲೇಶ್ವರದ ಓಣಿಗಳು, ಬಳೆ ತೀರಿದಾಗ ವಿಜಾಪುರ. ಹೀಗೆ ನಲವತ್ತು ವರ್ಷ ತಿರುಗಿ ಆಕೆಯ ಚಪ್ಪಲಿ ಎಷ್ಟು ಸವೆದಿತ್ತೆಂದರೆ, ಅದನ್ನು ಹಾಕಿಕೊಂಡಾಗ ಆಕೆ ಬರಿಗಾಲಿಗಿಂತ ಗಿಡ್ಡ ಕಾಣುತ್ತಿದ್ದಳು. ಐದಾರು ವರ್ಷಗಳಿಂದ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತದ್ದು ಎಮ್ಮೆಯೋ ಪಂಚಾಯತಿ ಮೆಂಬರೋ ತಿಳಿಯುತ್ತಿರಲಿಲ್ಲ. ಹಾಗಾಗಿ ವ್ಯಾಪಾರವೆಲ್ಲ ಬೆರಳು ಮತ್ತು ಕಿವಿಯ ಮೇಲೆ. ಕೈ ಹಿಸುಕಿದರೆ ಅಳತೆ ಗೊತ್ತು. ಬಳೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಟಿಣ್ ಎನಿಸಿದರೆ ಸೀಳು ಇದೆಯೋ ಇಲ್ಲವೋ ಗೊತ್ತು. ಸೀಳಿದ ಬಳೆ ಏರಿಸುವಾಗ ಮುರಿದರೆ ಕೈ ಕೊಯ್ಯುತ್ತದೆ. ನಲವತ್ತು ವರ್ಷದಲ್ಲಿ ಆಕೆಯ ಮುಂದೆ ಚಾಚಿದ ಯಾವ ಓಣಿಯ ಕೈಯಿಂದಲೂ ಒಂದು ಹನಿ ರಕ್ತ ಬಿದ್ದಿರಲಿಲ್ಲ. ಆ ಕಿವಿ ಸುಳ್ಳಾದರೆ ದಾವಲಬಿಯ ಮುಂದೆ ಯಾರೂ ಕೈ ಚಾಚುವ ಹಾಗಿರಲಿಲ್ಲ.

ಅರವತ್ತನಾಲ್ಕನೆಯ ಇಸವಿ. ಪಂಚಾಯತಿಯ ಚಾವಡಿಗೆ ರೇಡಿಯೊ ಬಂದಿತ್ತು. ಅದರ ಪೆಟ್ಟಿಗೆಯ ಕೀಲಿಯನ್ನು ಪಂಚಾಯತಿಯ ಕಾರಕೂನ ಗುರುಪಾದಯ್ಯ ತನ್ನ ಉಡದಾರಕ್ಕೆ ಕಟ್ಟಿಕೊಂಡಿದ್ದ. ಶನಿವಾರ ಸಂಜೆ ನಾಟಕ, ವಾರಕ್ಕೊಂದು ಕಂತು. ನಾಟಕದ ಸೊಸೆ ಚಂಪಾವತಿ. ಗಂಡ ಮುಂಬಯಿಗೆ ಹೋಗಿ ಎಂಟು ವಾರವಾಗಿತ್ತು, ಅಂದರೆ ಎಂಟು ಕಂತು. ಚಂಪಾವತಿ ಅತ್ತರೆ ಚಾವಡಿಯ ಮುಂದೆ ಎಷ್ಟು ಕಣ್ಣೀರು ಹರಿಯುತ್ತಿತ್ತೆಂದರೆ, ಮರುದಿನ ಅಲ್ಲಿ ಸಗಣಿ ಸಾರಿಸಲು ಬೇರೆ ನೀರು ಬೇಕಾಗುತ್ತಿರಲಿಲ್ಲ.

ಒಂಬತ್ತನೆಯ ಶನಿವಾರ ನಾಟಕದೊಳಗೆ ಮುಂಬಯಿಯಿಂದ ತಂತಿಯ ತಾರು ಬಂತು. ಅತ್ತೆ ಹೋ ಎಂದು ಕೂಗಿದಳು. ನಂತರ ಛಳ್ ಎಂದು ಏನೋ ಒಡೆದ ಸಪ್ಪಳ. ಅಷ್ಟಕ್ಕೇ ಕಂತು ಮುಗಿಯಿತು. ಗುರುಪಾದಯ್ಯ ಕೀಲಿ ಹಾಕಿದ.

ಮರುದಿನ ಲಕ್ಕವ್ವನ ಕಟ್ಟೆಯ ಮೇಲೆ ಇಡೀ ಓಣಿ ಕೂತಿತ್ತು. ಲಕ್ಕವ್ವನ ಗಂಡನದು ಜೋಳದ ವ್ಯಾಪಾರ. ಅವಳ ಮಾತು ಓಣಿಗೆ ಕಾಯಿದೆ. ಮಗಳು ಸತ್ಯವ್ವ ಏಳು ತಿಂಗಳ ಬಸುರಿ, ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ತವರಿಗೆ ಬಂದಿದ್ದಳು. ಕುಬಸದ ಹಸಿರು ಬಳೆ ಇಡುವವಳು ದಾವಲಬಿಯೇ ಎಂದು ಎಂದೋ ಗೊತ್ತಾಗಿತ್ತು. ಸತ್ಯವ್ವನ ಕೈಗೂ ಮೊದಲ ಬಳೆ ಇಟ್ಟವಳು ಆಕೆಯೇ.

"ಮುಗೀತವಾ ಚಂಪಾವತಿ ಬಾಳೇ," ಎಂದಳು ಲಕ್ಕವ್ವ. "ಬಳಿ ಒಡದ್ರು. ಗಂಡ ಹೋದ."

"ಯಾವ ಬಳಿ?" ಎಂದಳು ದಾವಲಬಿ. "ಅದು ಬಳಿ ಅಲ್ಲ ಬೇ. ಚಾದ ಬಶಿ, ಕಪ್ಪಿನ ತೆಳಗ ಇಡೂದು."

ಕೂಲಿಗೆ ಹೊರಟು ನಿಂತಿದ್ದ ತಿಪ್ಪವ್ವ ಬುಟ್ಟಿ ಕೆಳಗಿಟ್ಟಳು. ಅವಳ ನಾಲಿಗೆಗೆ ಕೂಲಿ, ಸೂಟಿ ಎರಡೂ ಇರಲಿಲ್ಲ. "ಗಂಡ ಸತ್ತ ತಾರ ಬಂದಾಗ ಯಾರರ ಬಶಿ ಒಡೀತಾರೇನ ದಾವಲಮ್ಮಾ? ಚಾ ಕುಡಕೋತ ಕುಂತಿದ್ಲೇನ ಆಕಿ?"

"ಅದು ನನಗ ಗೊತ್ತಿಲ್ಲ. ತಾರಿನ್ಯಾಗ ಏನೈತೋ, ಅದೂ ಗೊತ್ತಿಲ್ಲ. ಒಡದದ್ದು ಬಶಿ."

"ಹಂಗಾರ ಪರೀಕ್ಷಾ ಮಾಡೂಣು," ಎಂದು ತಿಪ್ಪವ್ವ ಒಳಗೆ ಹೋಗಿ ಗೋಡೆಯ ಹಿಂದೆ ನಿಂತು ಕೈಗೆ ಸಿಕ್ಕದ್ದನ್ನು ಒಂದೊಂದೇ ಒಡೆಯತೊಡಗಿದಳು.

"ಔಷಧದ ಬಾಟ್ಲಿ," ಎಂದಳು ದಾವಲಬಿ. "ಇದು ಕಂದೀಲಿನ ಗಾಜು. ಇದು ಬಳಿ, ಒಂದ ಬಳಿ. ಇದು ಬಶಿ, ಅಂಚು ಮೊದಲ ಹಾರಿತ್ತು. ಲಕ್ಕವ್ವಾ, ನಿಂದ ಬಶಿ ಬೇ ಅದು, ನೀ ನನಗ ಚಾ ಕೊಡೂದು."

"ಲೇ ತಿಪ್ಪೀ!" ಎಂದು ಲಕ್ಕವ್ವ ಒಳಗೆ ಓಡಿದಳು. ಅಷ್ಟರಲ್ಲಿ ಕಂದೀಲೂ ಅವಳದೇ ಎಂದು ತಿಳಿಯಿತು.

ಸುದ್ದಿ ಬಸ್ಸು ಹತ್ತಿತು. ಟಿಕೋಟಾ ಎರಡು ಪಾರ್ಟಿಯಾಯಿತು, ಬಶಿ ಪಾರ್ಟಿ ಮತ್ತು ಬಳೆ ಪಾರ್ಟಿ. ಬೀಗರು ಬೀಗರ ಮನೆಯಲ್ಲಿ ಊಟ ಬಿಟ್ಟರು. ವಿಜಾಪುರದ ಸೊಲ್ಲಾಪುರ ರಸ್ತೆಯ ಚಾದ ಹೋಟೆಲುಗಳಲ್ಲಿ ಗಿರಾಕಿಗಳು ಬಶಿಯನ್ನು ನೆಲಕ್ಕೆ ಬಿಟ್ಟು ಕಿವಿಗೊಟ್ಟದ್ದರಿಂದ ಆ ವಾರ ಊರಿನಲ್ಲಿ ಒಂದೇ ಒಂದು ಇಡೀ ಬಶಿ ಉಳಿಯಲಿಲ್ಲ. ಜನ ಅಂಗೈಯಲ್ಲಿ ಚಾ ಸುರಿದುಕೊಂಡು ಕುಡಿದರು.

ಶನಿವಾರ ಬಂತು. ಚಾವಡಿಯ ಮುಂದೆ ಕಾಲಿಡಲು ಜಾಗವಿಲ್ಲ. ರೇಡಿಯೊದೊಳಗಿನ ಅತ್ತೆ ಅಳುತ್ತಾ ಹೇಳಿದಳು: "ಈ ಕೈಯಿಂದಲೇ ನಿನ್ನ ಬಳೆ ಒಡೆದೆನಲ್ಲೇ ಚಂಪಾ!"

ಚಂಪಾವತಿಗಾಗಿ ಅಳಬೇಕಾದ ಜನ ತಿರುಗಿ ದಾವಲಬಿಯನ್ನು ನೋಡಿದರು. ಆಕೆಗೆ ಮುಖಗಳು ಕಾಣಲಿಲ್ಲ. ಆದರೆ ಅಷ್ಟು ಕತ್ತುಗಳು ಒಮ್ಮೆಲೇ ತಿರುಗಿದ ಸಪ್ಪಳ ಕೇಳಿಸಿತು.

"ಮನಿ ಗ್ವಾಡಿ ಹಿಂದ ಒಡದದ್ದೆಲ್ಲಾ ಬರೋಬರಿ ಹೇಳಿದ್ಲಲ್ಲರಿ," ಎಂದು ತಿಪ್ಪವ್ವ ಪಾಪವೆನಿಸಿ ಅಂದಳು.

"ಅದು ನಸೀಬದ ಮಾತು," ಎಂದಳು ಲಕ್ಕವ್ವ. "ಸರಕಾರದ ರೇಡಿಯೊ ಸುಳ್ಳ ಹೇಳತೈತೇನ? ದಾವಲಮ್ಮಾ, ಸಿಟ್ಟಾಗಬ್ಯಾಡ. ಕಣ್ಣು ಮೊದಲ ಹೋಗ್ಯಾವ, ಈಗ ಕಿವೀನೂ ಸೋತಾವ. ಬಸರ ಹೆಂಗಸಿನ ಕೈ, ಒಂದ್ ಹನಿ ರಕ್ತ ಬೀಳಬಾರದು. ಸತ್ಯವ್ವನ ಕುಬಸಕ್ಕ ವಿಜಾಪುರದಿಂದ ಬ್ಯಾರೆ ಬಳಿಗಾರನ್ನ ಕರಸ್ತೀವಿ."

ದಾವಲಬಿ ಸಿಟ್ಟಾಗಲಿಲ್ಲ. ಮರುದಿನ ಮನೆಯ ಬಾಗಿಲು ಹಾಕಿಕೊಂಡು ಮಲಾರದ ಒಂದೊಂದೇ ಬಳೆಯನ್ನು ಉಗುರಿನಿಂದ ಬಡಿದು ಕೇಳಿದಳು. ಗಟ್ಟಿ, ಗಟ್ಟಿ, ಸೀಳು, ಗಟ್ಟಿ. ಸೀಳು ಎಂದದ್ದನ್ನು ಒತ್ತಿದಳು, ಮುರಿಯಿತು. ಕಿವಿ ಸರಿಯಾಗಿಯೇ ಇತ್ತು. ಹಾಗಾದರೆ ಶನಿವಾರ ಒಡೆದದ್ದು ಏನು? ಅನ್ನ ಬೇಯುವಾಗಲೂ ಅದೇ ಪ್ರಶ್ನೆ, ನಮಾಜಿಗೆ ಕೂತರೂ ಅದೇ. ಕೊನೆಗೆ ಗುರುಪಾದಯ್ಯನ ಮನೆಗೆ ಹೋದಳು.

"ಅಯ್ಯಾರ್ರಿ, ರೇಡಿಯೊದವರಿಗೆ ಒಂದು ಕಾಗದ ಬರೀರಿ."

"ಏನಂತ ಬರೀಲಿ? ಸತ್ತವನ್ನ ಎಬ್ಬಸ್ರಿ ಅಂತನೋ?"

"ಅವ ಸಾಯಲಿ, ಬದುಕಲಿ. ಅದು ಅವರ ಮನಿತನದ ಮಾತು. ನೀವು ಹಿಂಗ ಬರೀರಿ: ಆ ದಿನ ನೀವು ಒಡದದ್ದು ಬಳಿಯೋ ಬಶಿಯೋ? ಬಳಿ ಅಂದ್ರ ನನ್ನ ಕಿವಿ ಹೋದುವು, ಮಲಾರ ಕೆಳಗಿಡತೀನಿ. ಬಶಿ ಅಂದ್ರ ಹಂಗಂತ ಬರದು ಪುಣ್ಯಾ ಕಟಗೋರಿ."

ಗುರುಪಾದಯ್ಯ ಅದನ್ನೇ ಚಂದದ ಕನ್ನಡದಲ್ಲಿ ಬರೆದು, ತನ್ನದೊಂದು ವಚನವನ್ನೂ ಸೇರಿಸಿ ಅಂಚೆಗೆ ಹಾಕಿದ. ಮೂರು ವಾರ ಉತ್ತರವಿಲ್ಲ. ಆ ಮೂರು ವಾರ ಬಬಲೇಶ್ವರದಲ್ಲಿ ಹೆಂಗಸರು ಆಕೆಯನ್ನು ಕೂರಿಸಿ ಮಾತಾಡಿಸಿದರು, ಚಾ ಕೊಟ್ಟರು, ಕೈ ಮಾತ್ರ ಸೆರಗಿನೊಳಗೆ ಇಟ್ಟುಕೊಂಡರು.

ನಾಲ್ಕನೆಯ ಶನಿವಾರ ಗುರುಪಾದಯ್ಯ ರೇಡಿಯೊ ಹಚ್ಚುವ ಮೊದಲು ಅಂಗಿಯ ಕಿಸೆಯಿಂದ ರೇಡಿಯೊದವರ ಕಾರ್ಡು ತೆಗೆದ. ಓದುವ ಮುಂಚೆ ಎಷ್ಟು ಹೊತ್ತು ಕೆಮ್ಮಿದನೆಂದರೆ, ಆ ಹೊತ್ತಿನಲ್ಲಿ ಒಂದು ಜೋಳದ ಬೆಳೆ ತೆಗೆಯಬಹುದಿತ್ತು.

"'ತಾಯಿ, ತಮ್ಮ ಕಿವಿಗೆ ನಮಸ್ಕಾರ. ಬಳೆಯನ್ನೇ ಒಡೆದು ನೋಡಿದೆವು. ಸಪ್ಪಳ ಮೈಕಿಗೆ ಮುಟ್ಟಲಿಲ್ಲ. ಹಾಗಾಗಿ ನಮ್ಮ ಚಹದ ಬಶಿಯನ್ನು ಕಲ್ಲಿನ ಮೇಲೆ ಬಿಟ್ಟೆವು. ಇದನ್ನು ಗುರುತಿಸಿದವರು ನೀವೊಬ್ಬರೇ.'"

ಮೊದಲು ಎದ್ದವಳು ತಿಪ್ಪವ್ವ.

"ನಿಂದರ್ರಿ ಅಯ್ಯಾರ! ಬಳಿ ಒಡದೇ ಇಲ್ಲ, ಹೌದಲ್ಲೋ?"

"ಇಲ್ಲವಾ. ಬಶಿ."

"ಬಳಿ ಒಡದಿಲ್ಲ ಅಂದ ಮ್ಯಾಲ ಗಂಡ ಸತ್ತಾನ ಅಂತ ಹೆಂಗ ಆತರಿ? ಆಕಿ ಕೈಯಾಗ ಬಳಿ ಅದಾವ! ಆ ಅತ್ತಿ ಮುದುಕಿ ಸುಳ್ಳ ಹೇಳಾಕತ್ತಾಳ!"

"ಅಲ್ಲ ತಿಪ್ಪವ್ವಾ, ಕತಿಯಾಗ ಬಳಿ, ಅಲ್ಲೆ ರೇಡಿಯೊದವರ ಕೋಣ್ಯಾಗ ಬಶಿ..." ಎಂದು ಗುರುಪಾದಯ್ಯ ಬಿಡಿಸಿ ಹೇಳಹೋದ. ಯಾರು ಕೇಳುತ್ತಾರೆ? ಗಂಡ ಬದುಕಿದ್ದರೆ ಎಲ್ಲಿದ್ದಾನೆ, ತಾರು ಕಳಿಸಿದವರು ಯಾರು, ಅತ್ತೆಗೆ ಇದರಲ್ಲಿ ಏನು ಲಾಭ ಎಂದು ನೂರು ಬಾಯಿ ಒಮ್ಮೆಲೇ ತೆರೆದವು. ಆ ದಿನದ ಕಂತು ಇವರ ಗದ್ದಲದಲ್ಲಿ ಯಾರಿಗೂ ಕೇಳಿಸದೆ ಮುಗಿದುಹೋಯಿತು.

ಕುಬಸದ ದಿನ ಬೆಳಿಗ್ಗೆ ಲಕ್ಕವ್ವ ತಾನೇ ದಾವಲಬಿಯ ಮನೆಗೆ ಬಂದು, ಮಲಾರ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡು ನಡೆದಳು. ದಾವಲಬಿ ಹಿಂದೆ ಹೋದಳು. ಸತ್ಯವ್ವನ ಎದುರು ಕೂತು ಒಂದೊಂದನ್ನೂ ಟಿಣ್ ಎನಿಸಿ ಏರಿಸಿದಳು. ಏಳನೆಯದನ್ನು ಪಕ್ಕಕ್ಕಿಟ್ಟಳು.

"ಇದು ಬ್ಯಾಡ. ಸೀಳೈತಿ."

ಲಕ್ಕವ್ವ ಅದನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದು ಹೊರಳಿಸಿ ನೋಡಿದಳು. ಏನೂ ಕಾಣಲಿಲ್ಲ. ಮೆಲ್ಲಗೆ ಹಿಸುಕಿದಳು. ಚಿಟ್. ಎರಡು ತುಂಡು.

"ಇಷ್ಟಽ ಏನ ಸಪ್ಪಳ?" ಎಂದಳು ಬೆರಗಾಗಿ.

"ಇಷ್ಟಽ ನೋಡವ್ವಾ," ಎಂದಳು ದಾವಲಬಿ. "ಖರೇ ಬಳಿ ಒಡದ್ರ ಬಾಜೂ ಮನಿಗೂ ಕೇಳಸೂದಿಲ್ಲ. ನಂದು ಒಡದ ದಿವಸ ಕೇಳೀನಲ್ಲ, ನನಗ ಗೊತ್ತೈತಿ."

ಲಕ್ಕವ್ವ ತುಂಡುಗಳನ್ನು ತುಳಸಿಯ ಬುಡಕ್ಕಿಟ್ಟು ಬಂದು, ಮಗಳ ಮಗ್ಗುಲಲ್ಲಿ ಕೂತು ತನ್ನ ಕೈ ಚಾಚಿದಳು. "ನನಗೂ ಇಡು."

ಬಾಗಿಲ ಹತ್ತಿರದಿಂದ ತಿಪ್ಪವ್ವ ಕೇಳಿದಳು: "ದಾವಲಮ್ಮಾ, ದನಿ ಮ್ಯಾಲಿಂದ ಹೇಳು, ಚಂಪಾವತಿ ಕೈ ಎಷ್ಟ ಇರಬೇಕು?"

ದಾವಲಬಿ ಲಕ್ಕವ್ವನ ಕೈ ಹಿಡಿದುಕೊಂಡೇ ತಲೆ ವಾಲಿಸಿ ಯೋಚಿಸಿದಳು.

"ಸಣ್ಣದು," ಎಂದಳು. "ಸತ್ಯವ್ವನಕಿಂತ ಒಂದ್ ಅಳತಿ ಸಣ್ಣದು." ಆ ಅಳತೆಯ ಒಂದು ಡಜನ್ ಹಸಿರು ಬಳೆಗಳನ್ನು ಬಡಿದು ನೋಡಿ, ಬೇರೆ ದಾರಕ್ಕೆ ಪೋಣಿಸಿ, ಚಂಪಾವತಿಗೆಂದು ಮಲಾರದ ತುದಿಗೆ ಕಟ್ಟಿದಳು.